ಟವರ್‌ಗೆ ಮೊದಲು ಲೆಕ್ಕ: ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಅಂಥ ರಾತ್ರಿ ನದಿಪಾತ್ರದ ಸಿರುಗುಪ್ಪಕ್ಕೆ ಸುದ್ದಿ ಮುಟ್ಟಿಸಲು ನೆಲದೊಳಗಿನ ಕೇಬಲ್ ಒಂದನ್ನೇ ನೆಚ್ಚಿಕೊಳ್ಳುವುದು ತರವಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ ಒಮ್ಮೆ ಹಲ್ಲು ಊರಿದರೆ ಮುಗಿಯಿತು. ಅದೇ ಗುಂಡಿಯಲ್ಲಿ ಎರಡನೇ ಕೇಬಲ್ ಇದ್ದರೂ ಎರಡೂ ಒಟ್ಟಿಗೇ ತುಂಡಾಗುತ್ತವೆ. ಹಾಗಾಗಿ ಬಳ್ಳಾರಿಯಿಂದ ಕುರುಗೋಡಿಗೆ, ಅಲ್ಲಿಂದ ಸಿರುಗುಪ್ಪಕ್ಕೆ ಪರವಾನಗಿ ಪಡೆದ ಮೈಕ್ರೋವೇವ್ ರೇಡಿಯೊ ಸಂಪರ್ಕ ಬೇಕು. ಆದರೆ ಟೆಂಡರ್ ಕರೆಯುವ ಮುನ್ನ ಅದರ ಲಿಂಕ್ ಬಜೆಟ್, ಅಂದರೆ ಅಲೆಯ ಜಮಾಖರ್ಚು, ನಿಮ್ಮ ಮೇಜಿನ ಮೇಲಿರಬೇಕು.

ದಾರಿ ನಡುವಿನ ಕೊಳಗಲ್ಲಿನ ಪ್ರಶ್ನೆಯನ್ನೇ ನೋಡಿ. ಬಳ್ಳಾರಿ–ಕುರುಗೋಡು ನೇರ ಗೆರೆ 20 ಕಿ.ಮೀ. ಮೀರುತ್ತದೆ, ಕೊಳಗಲ್ಲಿನಲ್ಲಿ ಒಂದು ಟವರ್ ಹಾಕಿ ದಾರಿಯನ್ನು ಎರಡಾಗಿಸೋಣ ಎಂದು ಯಾರಿಗಾದರೂ ಅನಿಸುವುದು ಸಹಜ. 10 ಕಿ.ಮೀ. ದೂರ, 15 ಗಿಗಾಹರ್ಟ್ಸ್, ಎರಡಡಿ ಡಿಶ್ ಎಂದಿಟ್ಟುಕೊಳ್ಳಿ. ರೇಡಿಯೊ ಕೊಡುವ ಶಕ್ತಿ 20 ಡಿಬಿಎಂ, ಡಿಶ್‌ಗಳ ಗಳಿಕೆ ತಲಾ 36 ಡೆಸಿಬೆಲ್, ಗಾಳಿಯಲ್ಲಿ ಕಳೆಯುವುದು 136. ಆಚೆ ತುದಿಗೆ ಮುಟ್ಟುವುದು ಮೈನಸ್ 44 ಡಿಬಿಎಂ. ಯಂತ್ರಕ್ಕೆ ಮೈನಸ್ 70 ಸಾಕೆಂದರೆ 26 ಡೆಸಿಬೆಲ್ ಉಳಿತಾಯ. ಇಷ್ಟಕ್ಕೇ ಸಹಿ ಬೀಳುವ ಅಪಾಯವಿದೆ. ‘ನಮ್ಮದು ಬರದ ಸೀಮೆ, ಮಳೆಯ ಚಿಂತೆ ಯಾಕೆ’ ಎನ್ನುವವರಿದ್ದಾರೆ. ವರ್ಷಕ್ಕೆ ಎಷ್ಟು ಮಳೆ ಎಂಬುದು ಇಲ್ಲಿ ಲೆಕ್ಕಕ್ಕೇ ಇಲ್ಲ, ಎಷ್ಟು ರಭಸ ಎಂಬುದಷ್ಟೇ ಮುಖ್ಯ. ಗಂಟೆಗೆ 50 ಮಿ.ಮೀ. ರಭಸದ ಮಳೆ 15 ಗಿಗಾಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ 3 ಡೆಸಿಬೆಲ್‌ಗೂ ಹೆಚ್ಚು ನುಂಗುತ್ತದೆ. ದಾರಿಯುದ್ದಕ್ಕೂ ಅದು ಸುರಿದರೆ ಉಳಿತಾಯ ಖಾಲಿ, ಅದೂ ಸಂಪರ್ಕ ಬೇಕೇಬೇಕಾದ ಹೊತ್ತಿಗೆ. 7 ಗಿಗಾಹರ್ಟ್ಸ್‌ನಲ್ಲಿ ಅದೇ ಮಳೆಯ ನಷ್ಟ ಕಿಲೋಮೀಟರಿಗೆ 1 ಡೆಸಿಬೆಲ್‌ಗಿಂತ ಕಡಿಮೆ. ಆಗ ಡಿಶ್ ನಾಲ್ಕಡಿಯದಾಗಿ ಟವರ್ ಗಟ್ಟಿಯಾಗಬೇಕಾಗುತ್ತದೆ, ಆದರೆ ಕೊಳಗಲ್ಲಿನ ಟವರ್, ಬ್ಯಾಟರಿ, ಕಾವಲಿನ ಖರ್ಚೇ ಉಳಿಯಬಹುದು. ಪಂಚಾಯ್ತಿ ಜಾಗ ಸಿಕ್ಕಿತೆಂಬ ಕಾರಣಕ್ಕೆ ಅಲ್ಲಿ ಕಂಬ ನಿಲ್ಲಕೂಡದು.

ಕುರುಗೋಡಿನಿಂದ ಸಿರುಗುಪ್ಪದ ಕಡೆಗಿನ ದಾರಿ ಇನ್ನೂ ಸೂಕ್ಷ್ಮ. 30 ಕಿ.ಮೀ. ದೂರಕ್ಕೆ ಭೂಮಿಯ ಉಬ್ಬೇ ನಡುವೆ 13 ಮೀಟರ್. 7 ಗಿಗಾಹರ್ಟ್ಸ್ ಅಲೆಗೆ ಬಿಡಬೇಕಾದ ತೆರಪು ಸುಮಾರು 11 ಮೀಟರ್. ಮರಗಳ ಎತ್ತರ ಬೇರೆ. ಅದರ ಮೇಲೆ ತುಂಗಭದ್ರಾ ಕೆಳಮಟ್ಟದ ಕಾಲುವೆಯ ಭತ್ತದ ಗದ್ದೆಗಳು. ನಾಟಿ ಕಾಲದಲ್ಲಿ ನಿಂತ ನೀರು ಕನ್ನಡಿಯಂತೆ ಅಲೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ನೇರ ಬಂದದ್ದೂ ಚಿಮ್ಮಿ ಬಂದದ್ದೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಬೇಸಿಗೆಯಲ್ಲಿ ಒಣ ಎರೆಹೊಲ ನೋಡಿ ಸರ್ವೆ ಮುಗಿಸಿದವರಿಗೆ ಇದು ಕಾಣುವುದಿಲ್ಲ. ಅದೇ ಟವರ್‌ನಲ್ಲಿ ಕೆಳಗೊಂದು ಎರಡನೇ ಡಿಶ್ ಇದಕ್ಕೆ ಪರಿಹಾರ, ಆದರೆ ಅದು ಅಂದಾಜು ಪಟ್ಟಿಯಲ್ಲಿ ಮೊದಲೇ ಇರಬೇಕು.

‘5 ಗಿಗಾಹರ್ಟ್ಸ್ ಪುಕ್ಕಟೆ ಸಿಗುವಾಗ ಪರವಾನಗಿಗೆ ಪ್ರತಿವರ್ಷ ರಾಯಧನ ಯಾಕೆ’ ಎಂಬ ಲೆಕ್ಕಪತ್ರ ವಿಭಾಗದ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2018ರಲ್ಲಿ ಕೇಂದ್ರ ಆ ತರಂಗಾಂತರ ಪಟ್ಟಿಯಲ್ಲಿ 605 ಮೆಗಾಹರ್ಟ್ಸ್ ಅನ್ನು ಪರವಾನಗಿಯಿಂದ ಮುಕ್ತಗೊಳಿಸಿದ್ದು ನಿಜ, ಶಾಲೆ ಗ್ರಂಥಾಲಯಗಳಿಗೆ ಅದು ಸಾಕು ಕೂಡ. ಆದರೆ ಪಕ್ಕದ ಮಹಡಿಯವನೂ ಅದನ್ನೇ ಬಳಸಿ ಅಡ್ಡಿ ಮಾಡಿದರೆ ದೂರು ಕೊಡಲು ನಿಮಗೆ ಹಕ್ಕಿಲ್ಲ. ರಾಯಧನ ಕೊಡುವುದು ಆ ಹಕ್ಕಿಗೆ. ದೂರ ಮತ್ತು ಬ್ಯಾಂಡ್‌ವಿಡ್ತ್ ನೋಡಿ ನಿಗದಿಯಾಗುವ ಅದು ಒಮ್ಮೆ ಕಟ್ಟಿ ಮರೆಯುವ ಬಾಬ್ತಲ್ಲ. ಯೋಜನೆಯ ಅಷ್ಟೂ ವರ್ಷಗಳದ್ದನ್ನು ಈಗಲೇ ತೆಗೆದಿಡಿ. ತರಂಗಾಂತರಕ್ಕೂ ಟವರ್ ಜಾಗಕ್ಕೂ ದೆಹಲಿಯ ಒಪ್ಪಿಗೆ ಕೈಸೇರುವ ಮುನ್ನ ಉಪಕರಣ ಕೊಳ್ಳಬೇಡಿ.

ವರ್ಷಕ್ಕೆ ಎಷ್ಟು ಹೊತ್ತು ಸಂಪರ್ಕ ಕಡಿದರೆ ಸಹಿಸಬಹುದೆಂದು ನೀವೇ ಬರೆದುಕೊಡಿ. ಶೇ 99.9 ಎಂದರೆ ಸುಮಾರು ಒಂಬತ್ತು ಗಂಟೆ, ಶೇ 99.99 ಎಂದರೆ 53 ನಿಮಿಷ. ಆ ಅಂಕಿ ಸಿಕ್ಕ ಮೇಲೆ, ಗದ್ದೆಯಲ್ಲಿ ನೀರು ನಿಂತಿರುವಾಗಲೇ ಸರ್ವೆಗೆ ಜನ ಕಳಿಸಿ.

ಇತಿ,
ಕೊಳಗಲ್ಲಿನ ಒಬ್ಬ ನಾಗರಿಕ