ಸಿಹಿಯಿಲ್ಲದ ಪುಡ್ಡಿಂಗ್

ಮೈಸೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ ಪಿರಿಯಾಪಟ್ಟಣ, ಬೈಲಕುಪ್ಪೆ ಕಳೆದರೆ ಕೊಪ್ಪ. ಮೈಸೂರು ಜಿಲ್ಲೆಗೆ ಅದೇ ಬಾಗಿಲು. ಮುಂದೆ ಕಾವೇರಿಯ ಸೇತುವೆ. ಅದನ್ನು ದಾಟಿದರೆ ಕುಶಾಲನಗರ, ಕೊಡಗು. ಒಂದು ಹೊಳೆಯ ಅಗಲದಲ್ಲಿ ಊಟವೇ ಬದಲಾಗಿಬಿಡುತ್ತದೆ. ಈ ದಡದಲ್ಲಿ ರಾಗಿ ಮುದ್ದೆ, ಸೊಪ್ಪಿನ ಸಾರು. ಆ ದಡದಲ್ಲಿ ಕಡಂಬುಟ್ಟು, ಹಂದಿ ಕರಿ. 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿ ನೆಲೆ ನಿಂತ ಟಿಬೆಟನ್ನರು ಇವೆರಡರ ಪಕ್ಕದಲ್ಲಿ ಮೊಮೊ ತಂದಿಟ್ಟರು.

ಅದಕ್ಕೂ ನೂರು ವರ್ಷ ಮೊದಲು ಇಲ್ಲಿಗೆ ಬಂದದ್ದು ಇಂಗ್ಲಿಷರ ಊಟ. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾಯಿತು. 1850ರ ದಶಕದಿಂದ ಬಿಳಿಯ ಪ್ಲಾಂಟರುಗಳು ಕಾಫಿ ತೋಟ ಮಾಡತೊಡಗಿದರು. ಕುಶಾಲನಗರ ಆಗ ಫ್ರೇಸರ್‌ಪೇಟೆ. ತೋಟದ ಬಂಗಲೆಗಳಿಗೆ ದೊರೆಗಳ ಜೊತೆಯಲ್ಲೇ ಅವರ ಹುರಿದ ಮಾಂಸದ ಊಟವೂ ಬಂತು. ಆ ಊಟದ ಜೊತೆಗಾರನ ಹೆಸರು ಯಾರ್ಕ್‌ಷೈರ್ ಪುಡ್ಡಿಂಗ್.

ಪುಡ್ಡಿಂಗ್ ಎಂದ ಕೂಡಲೇ ನಮ್ಮವರು ಸಕ್ಕರೆ ಡಬ್ಬಿಗೆ ಕೈ ಹಾಕುತ್ತಾರೆ. ಇದಕ್ಕೆ ಸಕ್ಕರೆ ಬೇಡ, ಸೋಡಾ ಬೇಡ, ಹುದುಗು ಬರಿಸುವುದೂ ಬೇಡ. ಮೊಟ್ಟೆ, ಮೈದಾ, ಹಾಲು, ಉಪ್ಪು ಇಷ್ಟೇ. ದೋಸೆ ಹಿಟ್ಟಿಗಿಂತ ತೆಳ್ಳಗಿನ ಹಿಟ್ಟು ಓವನ್ನಿನೊಳಗೆ ಅಂಗೈ ಎತ್ತರಕ್ಕೆ ಉಬ್ಬಿ, ಹೊರಗೆ ಗರಿಗರಿಯಾಗಿ, ನಡುವೆ ತಗ್ಗಾಗಿ ಬಟ್ಟಲಿನಂತೆ ನಿಲ್ಲುತ್ತದೆ. ಆ ತಗ್ಗಿನಲ್ಲಿ ಮಾಂಸದ ರಸ ತುಂಬಿಕೊಂಡು ತಿನ್ನುವುದು ಕ್ರಮ.

ಬಂಗಲೆಯಲ್ಲಿ ಬೆಳ್ಳಿ ಚಮಚದ ಪಕ್ಕದಲ್ಲಿ ಕಂಡವರಿಗೆ ಇದು ದೊರೆಗಳ ತಿಂಡಿಯಂತೆ ತೋರಬಹುದು. ಆದರೆ ಇದರ ಹುಟ್ಟು ಮಿತವ್ಯಯದ ಒಲೆಯ ಮುಂದೆ. ಉತ್ತರ ಇಂಗ್ಲೆಂಡಿನಲ್ಲಿ ಕೆಂಡದ ಎದುರು ಮಾಂಸ ಸುಡುವಾಗ ಕರಗಿ ತೊಟ್ಟಿಕ್ಕುವ ಕೊಬ್ಬು ಪೋಲಾಗದಿರಲೆಂದು ಅದರ ಅಡಿಯಲ್ಲಿ ಹಿಟ್ಟಿನ ತಟ್ಟೆ ಇಡುತ್ತಿದ್ದರು. 1737ರ ಇಂಗ್ಲಿಷ್ ಪುಸ್ತಕವೊಂದರಲ್ಲಿ ಈ ವಿಧಾನ ಸಿಗುತ್ತದೆ. ಯಾರ್ಕ್‌ಷೈರ್ ಎಂಬ ಹೆಸರಿನೊಡನೆ ಅದನ್ನು ಪ್ರಸಿದ್ಧಿಗೆ ತಂದದ್ದು 1747ರಲ್ಲಿ ಹೊರಬಂದ ಹನ್ನಾ ಗ್ಲಾಸ್ ಎಂಬಾಕೆಯ ಅಡುಗೆ ಪುಸ್ತಕ. ಮಾಂಸ ದುಬಾರಿ, ಮಕ್ಕಳು ಬಹಳ. ಆದ್ದರಿಂದ ಮೊದಲು ಪುಡ್ಡಿಂಗ್ ಬಡಿಸಿ ಹೊಟ್ಟೆಯನ್ನು ಅರ್ಧ ತುಂಬಿಸುವುದು, ಆಮೇಲೆ ಮಾಂಸದ ತುಂಡು. ಹೆಚ್ಚು ಪುಡ್ಡಿಂಗ್ ತಿಂದವರಿಗೆ ಹೆಚ್ಚು ಮಾಂಸ ಎಂದು ಮಕ್ಕಳಿಗೆ ಆಸೆ ತೋರಿಸುತ್ತಿದ್ದರಂತೆ. ತಿಂದು ಮುಗಿಸುವ ಹೊತ್ತಿಗೆ ಮಾಂಸಕ್ಕೆ ಜಾಗವೆಲ್ಲಿ?

ಕೊಪ್ಪದ ಹಿರಿಯರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೋಳಿಯಲ್ಲಿ ಹತ್ತು ಜನರ ಊಟ ಮುಗಿಯಬೇಕಾದಾಗ ಮನೆಯ ಮಾನ ಉಳಿಸುತ್ತಿದ್ದುದು ಮುದ್ದೆ. ಎರಡು ಮುದ್ದೆಗೆ ಸಾರು ಧಾರಾಳ, ತುಂಡು ಮಾತ್ರ ಎಣಿಸಿ. ಅಲ್ಲಿಯ ತಾಯಿ ಮೈದಾದಲ್ಲಿ ಮಾಡಿದ ಉಪಾಯವನ್ನೇ ಇಲ್ಲಿಯ ತಾಯಿ ರಾಗಿಯಲ್ಲಿ ಮಾಡಿದ್ದಳು.

ಸೋಡಾ ಇಲ್ಲದೆ ಇದು ಉಬ್ಬುವುದು ಹೇಗೆ? ಉತ್ತರ ಪೂರಿಯಲ್ಲಿದೆ. ಎಣ್ಣೆ ಚೆನ್ನಾಗಿ ಕಾದಿದ್ದರೆ ಪೂರಿಯೊಳಗಿನ ನೀರು ಥಟ್ಟನೆ ಆವಿಯಾಗಿ ಅದನ್ನು ಉಬ್ಬಿಸುತ್ತದೆ. ಕಾಯದಿದ್ದರೆ ಪೂರಿ ಎಣ್ಣೆ ಕುಡಿದು ಚಪ್ಪಟೆಯಾಗಿ ಮಲಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಹೆಚ್ಚಾಗುತ್ತದೆ. ಇಡ್ಲಿ, ಮೊಮೊ ಬೇಯುವುದು ಹೊರಗಿನ ಆವಿಯಲ್ಲಿ. ಪುಡ್ಡಿಂಗ್ ಏಳುವುದು ತನ್ನೊಳಗಿನ ಆವಿಯಿಂದ. ಆ ಆವಿ ಹಿಗ್ಗಿಸಿದ ಗೋಡೆಯನ್ನು ಮೊಟ್ಟೆ ಮತ್ತು ಮೈದಾದ ಅಂಟು ಬೆಂದು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತವೆ.

ಪಿರಿಯಾಪಟ್ಟಣ ಸೀಮೆಯ ರೈತರಿಗೆ ಶಾಖದ ಬೆಲೆ ಗೊತ್ತು. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಮೊದಲು ಸಣ್ಣ ಶಾಖ ಕೊಟ್ಟು ಎಲೆ ಹಳದಿಯಾಗಲು ಬಿಡಬೇಕು, ಆಮೇಲೆ ಹಂತಹಂತವಾಗಿ ಏರಿಸಬೇಕು. ಅವಸರ ಮಾಡಿದರೆ ಹಸಿರು ಎಲೆಯಲ್ಲೇ ಉಳಿದು ಬೆಲೆ ಬಿದ್ದುಹೋಗುತ್ತದೆ. ಪುಡ್ಡಿಂಗಿನ ಲೆಕ್ಕ ಇದಕ್ಕೆ ತಿರುಗುಮುರುಗು. ಮೊದಲ ಗಳಿಗೆಯಲ್ಲೇ ಪೂರ್ತಿ ಶಾಖ ಸಿಗಬೇಕು.

ಮಾಡುವ ವಿಧಾನ ಸುಲಭ. ಮೂರು ಮೊಟ್ಟೆಗಳನ್ನು ಒಂದು ಲೋಟಕ್ಕೆ ಒಡೆದು ಹಾಕಿ, ಎಷ್ಟು ಎತ್ತರಕ್ಕೆ ಬಂತೆಂದು ಗುರುತು ಮಾಡಿಕೊಳ್ಳಿ. ಅದೇ ಅಳತೆಗೆ ಮೈದಾ, ಅದೇ ಅಳತೆಗೆ ಹಾಲು, ಅರ್ಧ ಚಮಚ ಉಪ್ಪು. ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಓವನ್ನನ್ನು 220 ಡಿಗ್ರಿಗೆ ಕಾಯಿಸಿ. ಕೇಕಿನ ಸಣ್ಣ ಅಚ್ಚುಗಳಿಗೆ ಒಂದೊಂದು ಚಮಚ ಎಣ್ಣೆ ಹಾಕಿ ಒಳಗಿಡಿ. ಇಂಗ್ಲೆಂಡಿನಲ್ಲಿ ದನದ ಕೊಬ್ಬು ವಾಡಿಕೆ. ಇಲ್ಲಿ ಕಡಲೆಕಾಯಿ ಎಣ್ಣೆ ಸಾಕು, ಹೊಳೆಯಾಚೆಯವರಿಗೆ ಹಂದಿಯ ನೆಣವೂ ಆದೀತು. ಬೆಣ್ಣೆ ಬೇಡ, ಸೀದುಹೋಗುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಎಣ್ಣೆ ಹಬೆಯಾಡತೊಡಗಿದಾಗ ಹೊರತೆಗೆದು, ಅಚ್ಚಿನ ಅರ್ಧಕ್ಕಿಂತ ಕಡಿಮೆ ಹಿಟ್ಟು ಹುಯ್ಯಿರಿ. ಚುಂಯ್ ಎನ್ನದಿದ್ದರೆ ಎಣ್ಣೆ ಕಾದಿಲ್ಲವೆಂದೇ ಅರ್ಥ. ಒದ್ದೆ ಸೌಟು ತಾಗಿಸಬೇಡಿ, ಎಣ್ಣೆ ಸಿಡಿಯುತ್ತದೆ, ಮಕ್ಕಳು ದೂರವಿರಲಿ. ಕೂಡಲೇ ಒಳಗಿಟ್ಟು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬಾಗಿಲು ತೆರೆಯಕೂಡದು. ನಡುವೆ ಇಣುಕಿದರೂ, ಕರೆಂಟ್ ಹೋದರೂ ಎದ್ದದ್ದು ಕುಸಿಯುತ್ತದೆ. ಪಡ್ಡಿನ ಕಾವಲಿಯಲ್ಲಿ ಪ್ರಯತ್ನಿಸಿದರೆ ಮೇಲಿನ ಶಾಖವಿಲ್ಲದೆ ಮೊಟ್ಟೆಯ ಪಡ್ಡು ಆದೀತೇ ಹೊರತು ಪುಡ್ಡಿಂಗ್ ಆಗದು.

ನಾಲ್ಕು ಅಂಗುಲ ಏಳದಿದ್ದರೆ ಅದು ಯಾರ್ಕ್‌ಷೈರ್ ಪುಡ್ಡಿಂಗೇ ಅಲ್ಲವೆಂದು ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2008ರಲ್ಲಿ ಸಾರಿತು. ರಸಾಯನ ವಿಜ್ಞಾನಿಗಳ ಮಾತು ಹಾಗಿರಲಿ. ಮೊದಲ ಸಲ ಎರಡು ಅಂಗುಲ ಎದ್ದರೂ ಕೋಳಿ ಸಾರಿಗೆ ಅಡ್ಡಿಯಿಲ್ಲ. ಆರಿದರೆ ಮೆತ್ತಗಾಗುವುದರಿಂದ ಬಿಸಿಯಿದ್ದಾಗಲೇ ತಗ್ಗಿಗೆ ಸಾರು ಹಾಕಿ ಬಡಿಸಬೇಕು. ತುಂಡು ಆಮೇಲೆ. ಹಳೆಯ ಪದ್ಧತಿಯಂತೆ, ಮೊದಲು ಮಕ್ಕಳ ತಟ್ಟೆಗೆ.