ಕಪ್ಪು ಪರದೆಗೆ ಅಂಜಬೇಕಿಲ್ಲ

ಕೆಂಗೇರಿ ಉಪನಗರದ ಹುಡುಗ ನಾನು. ಮೂರು ವರ್ಷಗಳಿಂದ ಕ್ಲೌಡ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. 2023ರ ಅಕ್ಟೋಬರ್‌ನಿಂದ ಮೆಟ್ರೊ ಹತ್ತಿದರೆ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು. ಆದರೂ ಕ್ಲೌಡ್ ಕೋರ್ಸ್ ಮುಗಿಸಿದ ಎಷ್ಟೋ ಗೆಳೆಯರು ಪ್ರಮಾಣಪತ್ರ ಹಿಡಿದು ಸಂದರ್ಶನಗಳಿಗೆ ಅಲೆಯುತ್ತಲೇ ಇದ್ದಾರೆ.

ಸಂದರ್ಶನದಲ್ಲಿ ಅವರನ್ನು ತಡೆಯುವ ಪ್ರಶ್ನೆ ಬಹಳ ಸರಳ: ‘ಸರ್ವರ್ ನಿಧಾನವಾಗಿದೆ. ಮೊದಲು ಏನು ನೋಡುತ್ತೀರಿ?’ ಬ್ರೌಸರ್‌ನಲ್ಲಿ ಬಟನ್ ಒತ್ತಿ ಸರ್ವರ್ ಶುರು ಮಾಡುವುದನ್ನಷ್ಟೇ ಕಲಿತವರಿಗೆ ಉತ್ತರ ಹೊಳೆಯುವುದಿಲ್ಲ. ಕಮಾಂಡ್ ಲೈನ್ ಗೊತ್ತಿದ್ದವರು ಎಸ್‌ಎಸ್‌ಎಚ್ ಮೂಲಕ ಸರ್ವರ್‌ನ ಒಳಹೊಕ್ಕು ನೋಡುತ್ತಾರೆ. ಯಾವ ಪ್ರೋಗ್ರಾಂ ಪ್ರೊಸೆಸರನ್ನು ತಿನ್ನುತ್ತಿದೆ ಎಂದು ‘ಟಾಪ್’ ತೋರಿಸುತ್ತದೆ. ಮೆಮೊರಿ ಎಷ್ಟು ಉಳಿದಿದೆ ಎಂದು ‘ಫ್ರೀ’ ಹೇಳುತ್ತದೆ, ಡಿಸ್ಕ್ ತುಂಬಿದೆಯೇ ಎಂದು ‘ಡಿಎಫ್’ ಹೇಳುತ್ತದೆ. ಲಾಗ್ ಕಡತದ ಕೊನೆಯ ಸಾಲುಗಳನ್ನು ‘ಟೇಲ್’ ಕಣ್ಣ ಮುಂದಿಡುತ್ತದೆ. ಲಾಗ್ ಬೆಳೆದು ಡಿಸ್ಕ್ ತುಂಬಿ ವೆಬ್‌ಸೈಟ್ ನಿಂತುಹೋಗುವುದು ನಮ್ಮ ಕೆಲಸದಲ್ಲಿ ಆಗಾಗ ಕಾಣುವ ತೊಂದರೆ. ಅದನ್ನು ಹಿಡಿಯಲು ಈ ನಾಲ್ಕು ಕಮಾಂಡ್ ಸಾಕು.

ಬಟನ್‌ಗಳ ಜಾಗ ಆಗಾಗ ಬದಲಾಗುತ್ತದೆ. ಕಮಾಂಡ್‌ಗಳು ಹಾಗಲ್ಲ. ‘ಡಿಎಫ್’ 1971ರ ಯೂನಿಕ್ಸ್ ಕೈಪಿಡಿಯಲ್ಲೇ ಇತ್ತು. ಎಸ್‌ಎಸ್‌ಎಚ್ ಬಂದದ್ದು 1995ರಲ್ಲಿ. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ತಮ್ಮ ಕ್ಲೌಡ್‌ಗೆ ಕಮಾಂಡ್ ಲೈನ್ ಸಾಧನ ಕೊಟ್ಟಿವೆ. ನೂರು ಸರ್ವರ್‌ಗಳಲ್ಲಿ ಒಂದೇ ಕೆಲಸ ಆಗಬೇಕಾದಾಗ ನೂರು ಸಲ ಕ್ಲಿಕ್ ಮಾಡುತ್ತಾ ಕೂರಲು ಯಾರಿಗೂ ಆಗದು.

‘ಈಗ ಎಐ ಕಮಾಂಡ್ ಬರೆದುಕೊಡುತ್ತದಲ್ಲ, ಕಲಿಯುವುದೇಕೆ?’ ಎಂದು ಕೆಲವರು ಕೇಳುತ್ತಾರೆ. ಬರೆದುಕೊಡುತ್ತದೆ, ನಿಜ. ಆದರೆ ಎಂಟರ್ ಒತ್ತುವವರು ನಾವು. 2017ರ ಫೆಬ್ರುವರಿ 28ರಂದು ಅಮೆಜಾನ್‌ನಲ್ಲಿ ಕೆಲವೇ ಸರ್ವರ್‌ಗಳನ್ನು ತೆಗೆಯಲು ಕೊಟ್ಟ ಕಮಾಂಡ್‌ನಲ್ಲಿ ಒಂದು ಅಂಶ ತಪ್ಪಿ, ಅಂದುಕೊಂಡದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೋದವು. ಅಸಂಖ್ಯ ವೆಬ್‌ಸೈಟ್‌ಗಳು ಗಂಟೆಗಟ್ಟಲೆ ಪರದಾಡಿದವು. ಇದನ್ನು ಆ ಕಂಪನಿಯೇ ಬಹಿರಂಗವಾಗಿ ತಿಳಿಸಿತು. ನುರಿತವರ ಕೈಯಲ್ಲೇ ಹೀಗಾದರೆ, ಅರ್ಥವಾಗದ ಸಾಲನ್ನು ನಕಲು ಮಾಡಿ ಅಂಟಿಸುವುದು ಎಷ್ಟು ಅಪಾಯ, ಯೋಚಿಸಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಮಾತು. ಇಂಗ್ಲಿಷ್ ಸರಾಗವಾಗಿ ಮಾತಾಡಲು ಬರುವುದಿಲ್ಲವೆಂದು ಈ ಕ್ಷೇತ್ರದಿಂದ ಹಿಂದೆ ಸರಿಯಬೇಡಿ. ‘ಡಿಎಫ್’ ಎಂದರೆ ಎರಡೇ ಅಕ್ಷರ. ನಮ್ಮ ಉಚ್ಚಾರಣೆ ಹೇಗಿದೆ ಎಂದು ಆ ಪರದೆ ಕೇಳುವುದಿಲ್ಲ. ದೋಷ ಬಂದಾಗ ಕಾಣುವ ಸಂದೇಶಗಳು ಇಂಗ್ಲಿಷಿನಲ್ಲೇ ಇರುತ್ತವೆ, ಅವುಗಳನ್ನು ಓದಲು ಕಲಿಯಲೇಬೇಕು. ಆದರೆ ಮತ್ತೆ ಮತ್ತೆ ಎದುರಾಗುವವು ಕೆಲವೇ. ಪ್ರತಿಯೊಂದರ ಅರ್ಥವನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಕಲಿಯಲು ದುಬಾರಿ ಶುಲ್ಕವೂ ಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿಕೊಳ್ಳಬಹುದು, ಅದು ಉಚಿತ. ವಿಂಡೋಸ್ ಬಿಡಲಾಗದವರು ಅದರೊಳಗೇ ಲಿನಕ್ಸ್ ನಡೆಸಬಹುದು. ಒಂದು ತಿಂಗಳು ಅಲ್ಲೇ ಅಭ್ಯಾಸ ಮಾಡಿ, ಆಮೇಲೆ ಕ್ಲೌಡ್ ಖಾತೆ ತೆರೆಯಿರಿ. ತೆರೆದ ದಿನವೇ ಬಿಲ್ ಎಚ್ಚರಿಕೆ ಇಟ್ಟುಕೊಳ್ಳಿ. ನಿಲ್ಲಿಸಲು ಮರೆತ ಸರ್ವರ್‌ನ ಬಾಡಿಗೆ ಏರುತ್ತಲೇ ಇರುತ್ತದೆ.

ಕಾಲೇಜುಗಳೂ ಒಂದು ಕೆಲಸ ಮಾಡಬಹುದು. ವಿಭಾಗದ ಒಂದು ಸಣ್ಣ ವೆಬ್‌ಸೈಟನ್ನು ಒಂದು ಸೆಮಿಸ್ಟರ್ ವಿದ್ಯಾರ್ಥಿಗಳ ಕೈಗೇ ಕೊಡಲಿ. ಅದು ಕೆಟ್ಟು ನಿಂತರೆ ಅವರೇ ಸರಿಪಡಿಸಲಿ. ಸಂದರ್ಶನದಲ್ಲಿ ಹೇಳಲು ಅವರಿಗೆ ಸ್ವಂತ ಅನುಭವವಿರುತ್ತದೆ. ಪ್ರಮಾಣಪತ್ರಕ್ಕಿಂತ ಅದರ ತೂಕ ಹೆಚ್ಚು.