ಆಲಿವ್ ಕೊಯ್ಲಿಗೆ ರಬ್ಬಿಗಳ ಕಾವಲು. ಇಸ್ರೇಲ್ ಸರ್ಕಾರಕ್ಕೆ ನಾಚಿಕೆಗೇಡು

ಇಸ್ರೇಲ್ ಆಕ್ರಮಿಸಿಕೊಂಡಿರುವ ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ಟೀನಿ ರೈತ ತನ್ನದೇ ಆಲಿವ್ ಮರಗಳ ಕಾಯಿ ಬಿಡಿಸಲು ಯಹೂದಿ ಧರ್ಮಗುರುಗಳಾದ ರಬ್ಬಿಗಳ ಬೆಂಗಾವಲು ಬೇಡುವ ಸ್ಥಿತಿ ಇದೆ. 1988ರಲ್ಲಿ ರಬ್ಬಿ ಡೇವಿಡ್ ಫೋರ್ಮನ್ ಕಟ್ಟಿದ ‘ಮಾನವ ಹಕ್ಕುಗಳಿಗಾಗಿ ರಬ್ಬಿಗಳು’ ಸಂಘಟನೆ ಕೊಯ್ಲಿನ ಕಾಲದಲ್ಲಿ ಸ್ವಯಂಸೇವಕರನ್ನು ತೋಟಗಳಿಗೆ ಕರೆದೊಯ್ಯುತ್ತದೆ. ರೈತರು ಮರದಡಿ ಟಾರ್ಪಾಲು ಹಾಸಿ ಕಾಯಿ ಉದುರಿಸುವಾಗ ಇವರೂ ಜೊತೆಗೂಡುತ್ತಾರೆ. ಅಲ್ಲಿ ನೆಲೆಸಿರುವ ಇಸ್ರೇಲಿ ವಸಾಹತುಗಾರರು ದಾಳಿಗೆ ಬಂದರೆ ಅಡ್ಡ ನಿಲ್ಲುತ್ತಾರೆ. ಇದು ಮೆಚ್ಚಬೇಕಾದ ಕೆಲಸ. ಆದರೆ ಇದು ಅವರು ಮಾಡಬೇಕಾದ ಕೆಲಸವಲ್ಲ.

ಯಾರು ಮಾಡಬೇಕು ಎಂಬುದನ್ನು ಇಸ್ರೇಲ್ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಈ ರಬ್ಬಿಗಳೂ ಅರ್ಜಿದಾರರಾಗಿದ್ದ ಪ್ರಕರಣದಲ್ಲಿ ಅದು ರೈತರಿಗೂ ಅವರ ಸ್ವತ್ತಿಗೂ ರಕ್ಷಣೆ ಕೊಡುವುದು ಸೇನೆಯ ಹೊಣೆ ಎಂದಿತು. ದೂರುಗಳನ್ನು ತಡಮಾಡದೆ ತನಿಖೆ ಮಾಡಬೇಕು, ರಕ್ಷಣೆಯ ನೆಪದಲ್ಲಿ ರೈತರನ್ನೇ ಜಮೀನಿನಿಂದ ಹೊರಗಿಡಬಾರದು ಎಂದೂ ಸ್ಪಷ್ಟಪಡಿಸಿತು. ಆದರೂ ‘ನಿರ್ಬಂಧಿತ ಸೇನಾ ವಲಯ’ ಎಂಬ ಆದೇಶ ತೋರಿಸಿ ರೈತರನ್ನು ತೋಟದಿಂದ ಹೊರಗಟ್ಟುವುದು ನಿಂತಿಲ್ಲ. ಪೆಟ್ಟು ತಿಂದವನಿಗೇ ಪ್ರವೇಶ ನಿಷೇಧ!

ಇನ್ನು ತನಿಖೆಯ ಮಾತು. ವಸಾಹತುಗಾರರ ಹಿಂಸೆಯ ಬಗ್ಗೆ 2005ರಿಂದ ತೆರೆದ ಕಡತಗಳಲ್ಲಿ ಶೇ 90ಕ್ಕೂ ಹೆಚ್ಚು ಪ್ರಕರಣಗಳು ದೋಷಾರೋಪವೇ ಇಲ್ಲದೆ ಮುಚ್ಚಿಹೋಗಿವೆ ಎಂದು ಇಸ್ರೇಲಿನದೇ ಸಂಸ್ಥೆ ‘ಯೆಶ್ ದಿನ್’ ದಾಖಲಿಸಿದೆ. ಶಿಕ್ಷೆಯ ಭಯವಿಲ್ಲದವರು ಸ್ವಧರ್ಮದ ಗುರುವನ್ನೂ ಬಿಡುವುದಿಲ್ಲ. 2015ರ ಅಕ್ಟೋಬರ್‌ನಲ್ಲಿ ಮುಸುಕುಧಾರಿ ಯುವಕನೊಬ್ಬ ಚಾಕು ಹಿಡಿದು ಇದೇ ಸಂಘಟನೆಯ ರಬ್ಬಿ ಆರಿಕ್ ಆಷರ್ಮನ್ ಮೇಲೆ ಎರಗಿದ ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಎಚ್ಚೆತ್ತುಕೊಳ್ಳಲು ಸರ್ಕಾರಕ್ಕೆ ಅದೊಂದೇ ಸಾಕಿತ್ತು. ಹತ್ತು ವರ್ಷಗಳ ಬಳಿಕ, 2025ರ ಅಕ್ಟೋಬರ್ ಒಂದರಲ್ಲೇ ವಿಶ್ವಸಂಸ್ಥೆ ವಸಾಹತುಗಾರರ 260ಕ್ಕೂ ಹೆಚ್ಚು ದಾಳಿಗಳನ್ನು ಲೆಕ್ಕ ಹಾಕಿದೆ.

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ನರಮೇಧಕ್ಕೆ ಕ್ಷಮೆಯಿಲ್ಲ. ಆದರೆ ಆ ಪಾತಕದ ಲೆಕ್ಕವನ್ನು ತೋಟದ ರೈತನಿಂದ ಚುಕ್ತಾ ಮಾಡಿಸಿಕೊಳ್ಳುವುದು ನ್ಯಾಯವಲ್ಲ, ಸೇಡು. ಮುತ್ತಿಗೆಯ ಹೊತ್ತಿನಲ್ಲೂ ಹಣ್ಣಿನ ಮರಕ್ಕೆ ಕೊಡಲಿ ಹಾಕಬಾರದು ಎಂಬುದು ಯಹೂದಿ ಧರ್ಮಗ್ರಂಥದ್ದೇ ಕಟ್ಟಳೆ. ಧರ್ಮದ ಹೆಸರಿನಲ್ಲಿ ನೆಲದ ಹಕ್ಕು ಸಾಧಿಸುವವರು ಆಲಿವ್ ಮರಗಳನ್ನು ಕಡಿದು ಅದೇ ಧರ್ಮದ ಈ ಕಟ್ಟಳೆಯನ್ನು ಮುರಿಯುತ್ತಿದ್ದಾರೆ. ಅದನ್ನು ನೆನಪಿಸುವ ರಬ್ಬಿಗಳಿಗೆ ದ್ರೋಹಿಗಳೆಂಬ ಬಿರುದು!

ಇಲ್ಲಿ ತಪ್ಪಿತಸ್ಥರು ದಾಳಿ ಮಾಡುವ ವಸಾಹತುಗಾರರು ಮಾತ್ರವಲ್ಲ. ಅವರನ್ನು ತಡೆಯುವ ಅಧಿಕಾರವಿದ್ದೂ ತಡೆಯದ ಸೇನೆ, ಪೊಲೀಸರು ಮತ್ತು ಸರ್ಕಾರವೂ ಹೌದು. 2006ರ ತೀರ್ಪು ಅಕ್ಷರಶಃ ಜಾರಿಯಾಗಬೇಕು. ದಾಳಿಕೋರರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗಬೇಕು. ಕರ್ತವ್ಯ ಮರೆತ ಅಧಿಕಾರಿಗಳ ಮೇಲೆ ಕ್ರಮ ಆಗಬೇಕು. ತನ್ನದೇ ನ್ಯಾಯಾಲಯದ ಮಾತಿಗೆ ಎರಡು ದಶಕಗಳಿಂದ ಕಿವುಡಾಗಿರುವ ಸರ್ಕಾರಕ್ಕೆ ಕಾನೂನಿನ ಆಳ್ವಿಕೆಯ ಬಗ್ಗೆ ಜಗತ್ತಿಗೆ ಉಪದೇಶ ಮಾಡುವ ನೈತಿಕ ಹಕ್ಕಿಲ್ಲ.